ತೂಕದ ಯಂತ್ರದ ಪಕ್ಕದಲ್ಲಿ

ರೈಲು ತಡವಾಗುವುದು ಸಿಗ್ನಲ್ಲಿನಿಂದ, ಎಂಜಿನ್ನಿನಿಂದ, ಹಳಿಯ ಮೇಲೆ ಬಂದು ನಿಂತ ದನದಿಂದ; ಬೈಗುಳ ತಿನ್ನುವುದು ಮಾತ್ರ ನಾನು. ಈ ಸ್ಟೇಷನ್ನಿನ ಮೈಕಿನ ಮುಂದೆ ಕೂತು ಇಪ್ಪತ್ತಾರು ವರ್ಷವಾಯಿತು. ನನ್ನ ಮುಖ ಕಂಡವರು ಕಡಿಮೆ, ಧ್ವನಿ ಕೇಳದವರಿಲ್ಲ. ತರಕಾರಿ ಅಂಗಡಿಯಲ್ಲಿ ನಾನು ಬಾಯಿ ತೆರೆದರೆ ಸಾಕು, ಪಕ್ಕದವರು ತಿರುಗಿ ನೋಡಿ, "ಹನ್ನೊಂದು ಗಂಟೆ ಗಾಡಿ ಇವತ್ತಾದ್ರೂ ಟೈಮಿಗೆ ಬರುತ್ತೇನ್ರೀ?" ಎಂದು ಕೇಳುತ್ತಾರೆ. ಟೈಮಿಗೆ ತರುವುದು ನನ್ನ ಕೈಯಲ್ಲಿದ್ದಿದ್ದರೆ ನಾನು ಇಲ್ಲಿ ಯಾಕೆ ಇರುತ್ತಿದ್ದೆ ಎಂದು ಒಂದು ಸಲ ರೇಗಿದ್ದೂ ಉಂಟು.

ನನ್ನ ಕೋಣೆ ಒಂದನೇ ಪ್ಲಾಟ್‌ಫಾರಮ್ಮಿನ ತುದಿಯಲ್ಲಿದೆ, ಎಂಟು ಮೆಟ್ಟಿಲು ಹತ್ತಬೇಕು. ಮುಂದೆ ದೊಡ್ಡ ಗಾಜು. ಅದರಲ್ಲಿ ಐದೂ ಪ್ಲಾಟ್‌ಫಾರಂ, ನಡುವಿನ ಮೇಲ್ಸೇತುವೆ, ಹೊರಗೆ ಹೋಗುವ ಗೇಟು ಎಲ್ಲ ಕಾಣುತ್ತದೆ. ಹಿಂದೆ ಪ್ಲೈವುಡ್ ಗೋಡೆ, ಅದರಾಚೆ ರೈಲ್ವೆ ಪೊಲೀಸರ ಚೌಕಿ. ಆ ಗೋಡೆ ಹೆಸರಿಗಷ್ಟೇ ಗೋಡೆ. ಅವರು ಊಟದ ಡಬ್ಬಿ ತೆಗೆದರೆ ನನಗೆ ಕೇಳುತ್ತದೆ, ನಾನು ಮೈಕಿನಲ್ಲಿ ಮಾತಾಡಿದರೆ ಅವರಿಗೆ ಅಕ್ಷರ ಬಿಡದೆ ಕೇಳುತ್ತದೆ.

ಆ ದಿನ ಬೆಳಗ್ಗೆ ನನ್ನ ಮಗಳು ಗಂಡನ ಊರಿಗೆ ಹೊರಟಿದ್ದಳು. ಹನ್ನೆರಡೂ ಹತ್ತರ ಗಾಡಿ, ಮೂರನೇ ಪ್ಲಾಟ್‌ಫಾರಂ. ಜೊತೆಗೆ ನಾಲ್ಕು ವರ್ಷದ ಮೊಮ್ಮಗಳು. ನಾವೆಲ್ಲ ಅವಳನ್ನು ಗುಬ್ಬಿ ಎಂದೇ ಕರೆಯುವುದು. ಗಾಡಿ ಬರುವ ತನಕ ನನ್ನ ಕೋಣೆಯಲ್ಲೇ ಕೂತಿರಿ ಎಂದೆ. ಗುಬ್ಬಿ ಬಂದ ಎರಡೇ ನಿಮಿಷಕ್ಕೆ ಗುಂಡಿಯೊಂದನ್ನು ಒತ್ತಿ, ನಾಲ್ಕನೇ ಪ್ಲಾಟ್‌ಫಾರಮ್ಮಿನ ಜನಕ್ಕೆ "ಅಜ್ಜೀ, ಉಚ್ಚೆ" ಎಂದು ಘೋಷಿಸಿಬಿಟ್ಟಳು. ಮಗಳು ನಾಚಿಕೊಂಡು, "ಬೇಡಮ್ಮ, ನಿನ್ನ ಕೆಲಸ ಕಳೆಯುತ್ತೆ ಇದು" ಎಂದು ಅವಳನ್ನು ಎಳೆದುಕೊಂಡು ಹೋದಳು. ಗಾಜಿನಿಂದ ನೋಡಿದರೆ ಮೂರರ ಬೆಂಚಿನ ಮೇಲೆ ಗುಬ್ಬಿಯ ಕೆಂಪು ಟೋಪಿ ಕಾಣುತ್ತಿತ್ತು.

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಪಕ್ಕದ ಚೌಕಿಯ ಇನ್‌ಸ್ಪೆಕ್ಟರು ಬಂದ. ಇವನಿಗೆ ಸ್ಟೇಷನ್ನಿನಲ್ಲಿ ಮೀಸೆ ಎಂದೇ ಹೆಸರು. ಹೆಂಡತಿ ಗಲಾಟೆ ಮಾಡಿ ಎರಡು ವರ್ಷದ ಹಿಂದೆ ಮೀಸೆ ಬೋಳಿಸಿದಳು, ಹೆಸರನ್ನು ಬೋಳಿಸಲು ಅವಳಿಂದಲೂ ಆಗಲಿಲ್ಲ. ಒಳ್ಳೆಯವನು. ನನ್ನನ್ನು ಅಕ್ಕ ಎನ್ನುತ್ತಾನೆ.

"ಅಕ್ಕ, ಬಾಗಿಲು ಹಾಕ್ಕೊಳ್ಳಿ. ಗಾಬರಿ ಆಗಬೇಡಿ."

ಪೊಲೀಸರು ಗಾಬರಿ ಆಗಬೇಡಿ ಎಂದ ಮೇಲೆ ಗಾಬರಿಯಾಗದವರನ್ನು ನಾನು ಈವರೆಗೆ ಕಂಡಿಲ್ಲ.

"ಪಾರ್ಸೆಲ್ ಆಫೀಸಲ್ಲಿ ಒಂದು ಪೆಟ್ಟಿಗೆ ಸಿಕ್ಕಿದೆ. ಒಳಗೆ ಸಿಡಿಮದ್ದು, ತಂತಿ, ಅಲಾರಂ ಗಡಿಯಾರ. ಹನ್ನೆರಡಕ್ಕೆ ಇಟ್ಟಿದಾರೆ. ನಮ್ಮ ಹೆಡ್ಡು ಮಿಲಿಟರೀಲಿದ್ದವನಲ್ವಾ, ತಂತಿ ಕಿತ್ತು ಹಾಕ್ದ. ತಂದವನೂ ಅಲ್ಲೇ ಸಿಕ್ಕಿಬಿದ್ದ."

"ಸಿಕ್ಕಿತಲ್ಲ, ಮತ್ತೇನು?"

"ಹಮಾಲಿ ಹೇಳ್ತಾನೆ, ಬಂದವರು ಇಬ್ಬರು, ಪೆಟ್ಟಿಗೆ ಎರಡು ಅಂತ. ಇನ್ನೊಬ್ಬ ಇನ್ನೊಂದನ್ನ ಹೊತ್ಕೊಂಡು ಜನರ ಮಧ್ಯೆ ಸೇರ್ಕೊಂಡನಂತೆ. ಆಮೇಲೆ ಕೈ ಬೀಸ್ಕೊಂಡು ಗೇಟು ದಾಟಿ ಹೋಗಿದ್ದನ್ನ ಗೇಟಿನವನು ನೋಡಿದಾನೆ. ಅಂದ್ರೆ ಪೆಟ್ಟಿಗೆ ಒಳಗೇ ಇದೆ, ಅದೂ ಹನ್ನೆರಡಕ್ಕೇ ಇರಬೇಕು."

ನಾನು ಗೋಡೆ ಗಡಿಯಾರ ನೋಡಿದೆ. ಐವತ್ತೈದು ನಿಮಿಷ. ಒಳಗೆ ಏನಿಲ್ಲವೆಂದರೂ ಎರಡು ಸಾವಿರ ಜನ. ಬೆಳಗ್ಗೆ ಮಾರ್ಕೆಟ್ಟಿನಲ್ಲೂ ಒಂದು ಬಾಂಬು ಸಿಡಿದಿತ್ತು, ಬಾಂಬು ತೆಗೆಯುವವರು ಅದನ್ನು ನೋಡಲು ಊರಿನ ಆ ತುದಿಗೆ ಹೋಗಿದ್ದರು, ಬರಲು ಗಂಟೆಯ ಮೇಲಾಗುತ್ತದೆ. ಸ್ಟೇಷನ್ ಮಾಸ್ಟರು ಬರುವ ಗಾಡಿಗಳನ್ನೆಲ್ಲ ಊರಾಚೆಯೇ ನಿಲ್ಲಿಸಿದ್ದರು. ಆದರೆ ಒಳಗಿನ ಜನಕ್ಕೆ ಬಾಂಬು ಎಂಬ ಮಾತು ಮಾತ್ರ ಹೇಳಕೂಡದೆಂದು ಮೇಲಿನಿಂದ ಆರ್ಡರು. ಹಿಂದಿನ ವರ್ಷ ಇನ್ನೊಂದು ಕಡೆ ಬರೀ ಆ ಮಾತಿಗೇ ನೂಕುನುಗ್ಗಲಾಗಿ ಒಂಬತ್ತು ಜನ ಸತ್ತಿದ್ದರು.

ನಾನು ಮಗಳಿಗೆ ಫೋನು ಮಾಡಿದೆ. ಕಟ್ಟಾಯಿತು. ಮತ್ತೆ ಮಾಡಿದೆ. ಮತ್ತೆ ಕಟ್ಟು. ಫೋನು ಗುಬ್ಬಿಯ ಕೈಯಲ್ಲಿದೆ ಎಂದು ಗೊತ್ತಾಯಿತು. ಕಾರ್ಟೂನು ನೋಡುವಾಗ ದೇವರು ಫೋನು ಮಾಡಿದರೂ ಅವಳು ಕಟ್ ಮಾಡುತ್ತಾಳೆ. ಹಾಗಾದರೆ ಮೈಕಿನಲ್ಲೇ ಹೆಸರು ಹಿಡಿದು ಕರೆದು ಹೊರಗೆ ಕಳಿಸುತ್ತೇನೆಂದು ಗುಂಡಿಯ ಮೇಲೆ ಬೆರಳಿಟ್ಟೆ. ಮೀಸೆ ನನ್ನ ಕೈ ಹಿಡಿದುಕೊಂಡ.

"ಅಕ್ಕ, ಅವಳು ನಿಮ್ಮ ಮಗಳು ಅಂತ ಎಲ್ಲ ಹಮಾಲಿಗಳಿಗೂ ಗೊತ್ತು. ಅವರಲ್ಲಿ ಆಗ್ಲೇ ಗುಸುಗುಸು ಶುರುವಾಗಿದೆ. ಅವಳೊಬ್ಬಳನ್ನೇ ಹೊರಗೆ ಕಳಿಸಿದ್ರೆ ಐದು ನಿಮಿಷಕ್ಕೆ ಇಡೀ ಸ್ಟೇಷನ್ನು ಗೇಟಿಗೆ ನುಗ್ಗುತ್ತೆ."

"ಮತ್ತೆ ನನ್ನ ಹತ್ರ ಯಾಕ್ರೀ ಬಂದ್ರಿ?"

ಅವನು ನೆಲ ನೋಡಿದ. "ಸಿಕ್ಕಿಬಿದ್ದವನು ಬಾಯಿ ಬಿಡ್ತಿಲ್ಲ. ಗೊತ್ತಿಲ್ಲ ಅಂತಾನೆ. ಹದಿನೆಂಟು ವರ್ಷ ಸರ್ವೀಸಲ್ಲಿ ನಾನು ಒಬ್ಬರ ಮೇಲೂ ಕೈ ಎತ್ತಿಲ್ಲ, ನಿಮಗೇ ಗೊತ್ತು." ನಿಜ, ಆ ಗೋಡೆಯಾಚೆ ಏನಾದರೂ ನಡೆದಿದ್ದರೆ ನನಗೆ ಗೊತ್ತಾಗದೆ ಇರುತ್ತಿರಲಿಲ್ಲ. "ಇವತ್ತು ಎತ್ತಬೇಕಾಗುತ್ತೆ. ಹೊರಗೆ ಕೇಳಿಸಬಾರ್ದು. ನೀವು ಮೈಕು ಬಿಡದೆ ಮಾತಾಡ್ತಾ ಇರಬೇಕು. ಏನಂತೀರಿ?"

ಅವನು ಬಂದದ್ದು ನನ್ನ ಸದ್ದನ್ನು ಬೇಡಲಿಕ್ಕೆ. ಆದರೆ ಆ "ಏನಂತೀರಿ" ಎಂಬ ಮಾತಿನಲ್ಲಿ ಅವನು ಇನ್ನೊಂದನ್ನೂ ಕೇಳಿದ್ದ. ನಾನು ಬೇಡ ಎಂದಿದ್ದರೆ ಅವನು ಇನ್ನೆರಡು ನಿಮಿಷ ಅಲ್ಲೇ ನಿಂತಿರುತ್ತಿದ್ದ, ಬೇರೆ ದಾರಿ ಹುಡುಕುತ್ತಿದ್ದನೋ ಏನೋ. ನಾನು ಕೆಂಪು ಟೋಪಿ ನೋಡಿದೆ.

"ಹೊಡೀರಿ," ಎಂದೆ. "ನೋಡ್ತಾ ನಿಂತಿದೀರಲ್ರೀ! ಮೂಳೆ ಮುರೀರಿ, ಉಗುರು ಕೀಳಿ, ಏನಾದ್ರೂ ಮಾಡಿ. ಹೇಳಿಸಿ!"

ಯಾರೂ ನನ್ನ ಬಾಯಿಂದ ಇದನ್ನು ಹೇಳಿಸಲಿಲ್ಲ. ಹೇಳಿದ ಮೇಲೆ ನನಗೆ ಹಾಯೆನಿಸಿತು, ಅದನ್ನೂ ಬಚ್ಚಿಡುವುದಿಲ್ಲ.

ಅವನು ಹೋದ. ನಾನು ಐದೂ ಗುಂಡಿ ಒಟ್ಟಿಗೆ ಒತ್ತಿ, ಸದ್ದು ಪೂರ್ತಿ ಏರಿಸಿ ಶುರು ಮಾಡಿದೆ. "ಪ್ರಯಾಣಿಕರ ಗಮನಕ್ಕೆ..." ಮೊದಲು ಗಾಡಿಗಳ ಪಟ್ಟಿ ಓದಿದೆ. ಎಲ್ಲ ತಡ, ಎಲ್ಲಕ್ಕೂ ವಿಷಾದ. ಹಿಂದೆ ಬೆಂಚು ಎಳೆದ ಸದ್ದಾಯಿತು. ಆಮೇಲೆ ಸಿಕ್ಕಿಬಿದ್ದವನ ಮೊದಲ ಕೂಗು. ನಾನು ಎತ್ತರಿಸಿದೆ. ಹಳಿ ದಾಟಬೇಡಿ, ಉಗುಳಬೇಡಿ, ಕಿಟಕಿಯಿಂದ ಸಾಮಾನು ಎಸೆಯಬೇಡಿ. ಅದೂ ಮುಗಿಯಿತು. ಮೇಜಿನ ಮೇಲೆ ಕಳೆದುಹೋದ ಸಾಮಾನುಗಳ ಪುಸ್ತಕವಿತ್ತು, ಅದನ್ನು ತೆಗೆದೆ. ಮೂರನೇ ಪ್ಲಾಟ್‌ಫಾರಮ್ಮಿನ ನಲ್ಲಿಯ ಬಳಿ ಒಂದು ಊರುಗೋಲು ಸಿಕ್ಕಿದೆ. ಒಂದನೇ ಪ್ಲಾಟ್‌ಫಾರಮ್ಮಿನ ಪುಸ್ತಕದಂಗಡಿಯ ಹಿಂದೆ ಒಂದು ಕನ್ನಡಕ ಸಿಕ್ಕಿದೆ. ಸಂಬಂಧಪಟ್ಟವರು ಬಂದು ಪಡೆಯಬೇಕು.

ಆ ಏಳೆಂಟು ನಿಮಿಷ ನನ್ನ ಧ್ವನಿ ಎಂದೂ ಇಲ್ಲದಷ್ಟು ಚೆನ್ನಾಗಿತ್ತು. ಒಂದಕ್ಷರ ತೊದಲಲಿಲ್ಲ. ಹಿಂದೆ ಅವನ ಕೂಗು ಏರಿದಂತೆಲ್ಲ ನಾನೂ ಏರಿದೆ. ಹೇಳು, ಹೇಳು, ಬೇಗ ಹೇಳು ಎಂದು ಮನಸ್ಸಿನಲ್ಲೇ ಅವನ ಬೆನ್ನು ಹತ್ತಿದ್ದೆ. ಮೈಯೆಲ್ಲ ಬಿಸಿಯಾಗಿತ್ತು.

ಹನ್ನೊಂದೂ ಕಾಲಿಗೆ ಬಾಗಿಲು ದಬಾರೆಂದು ತೆರೆಯಿತು. ಹೆಡ್ ಕಾನ್‌ಸ್ಟೆಬಲ್ಲು, ಮಿಲಿಟರಿಯಲ್ಲಿದ್ದವನು.

"ಹೇಳ್ದ ಅಕ್ಕಾ! ಮೂರನೇ ಪ್ಲಾಟ್‌ಫಾರಂ, ನಲ್ಲಿ ಹತ್ರ! ಜನ ತೆಗೀರಿ!"

ನನಗೆ ಕುಣಿಯಬೇಕೆನಿಸಿತು. ಹೊಡೆದದ್ದಕ್ಕೆ ಫಲ ಸಿಕ್ಕಿತು! "ಪ್ರಯಾಣಿಕರ ಗಮನಕ್ಕೆ, ಹನ್ನೆರಡೂ ಹತ್ತರ ಗಾಡಿ ಮೂರರ ಬದಲು ಒಂದನೇ ಪ್ಲಾಟ್‌ಫಾರಮ್ಮಿಗೆ ಬರಲಿದೆ. ದಯವಿಟ್ಟು ಮೇಲ್ಸೇತುವೆ ಬಳಸಿ." ಐನೂರು ಜನ ಗೊಣಗುತ್ತ ಎದ್ದರು. ಯಾವ ಗೊಣಗಾಟವೂ ನನ್ನ ಕಿವಿಗೆ ಅಷ್ಟು ಹಿತವಾಗಿ ಕೇಳಿದ್ದಿಲ್ಲ. ಕೆಂಪು ಟೋಪಿ ಮೆಟ್ಟಿಲು ಹತ್ತಿತು, ಸೇತುವೆ ದಾಟಿತು, ಒಂದಕ್ಕೆ ಇಳಿಯಿತು. ಆರು ಜನ ಕಾನ್‌ಸ್ಟೆಬಲ್ಲುಗಳು ಮೂರಕ್ಕೆ ಓಡಿ ನಲ್ಲಿಯ ಸುತ್ತ ಬಾಗಿ ಬಾಗಿ ಹುಡುಕಿದರು. ತೊಟ್ಟಿಯೊಳಗೆ ಕೈ ಹಾಕಿದರು. ಬೆಂಚು ಮಗುಚಿದರು. ಏನೂ ಇಲ್ಲ.

ಹಿಂದೆ ಮತ್ತೆ ಶುರುವಾಯಿತು. ನಾನೂ ಶುರು ಮಾಡಿದೆ.

ಹನ್ನೊಂದೂ ಇಪ್ಪತ್ತೆರಡಕ್ಕೆ ಮತ್ತೆ ಹೆಡ್ಡು. "ತಪ್ಪು ಹೇಳಿದ್ನಂತೆ ಬೇವರ್ಸಿ! ಒಂದನೇ ಪ್ಲಾಟ್‌ಫಾರಂ, ಪುಸ್ತಕದ ಅಂಗಡಿ ಹಿಂದೆ!"

ಒಂದು! ನಾನೇ ಕೈಯಾರೆ ಐನೂರು ಜನರನ್ನು ಒಂದಕ್ಕೆ ತಂದು ಸುರಿದಿದ್ದೆ. ನನ್ನ ಮಗಳನ್ನೂ. "ಪ್ರಯಾಣಿಕರ ಗಮನಕ್ಕೆ, ಒಂದನೇ ಪ್ಲಾಟ್‌ಫಾರಮ್ಮಿನಲ್ಲಿರುವ ಎಲ್ಲರೂ ಕೂಡಲೇ ಮೂರಕ್ಕೆ ಹೋಗಬೇಕು. ಕೂಡಲೇ." ಕೂಡಲೇ ಎಂಬ ಮಾತನ್ನು ನಾನು ಹೇಳಬಾರದಿತ್ತು. ರೈಲ್ವೆ ಮೈಕಿನಲ್ಲಿ ಯಾರೂ ಎಂದೂ ಕೇಳದ ಮಾತು ಅದು. ಜನ ಒಬ್ಬರ ಮುಖ ಒಬ್ಬರು ನೋಡಿದರು, ಗಂಟುಮೂಟೆ ಎತ್ತಿಕೊಂಡು ಓಡಿದರು. ಹಿಂದೆ ಉಳಿದವರು ಇನ್ನೂ ಮೂರರಿಂದ ಒಂದಕ್ಕೆ ಬರುತ್ತಲೇ ಇದ್ದರು. ಎರಡು ಗುಂಪು ಸೇತುವೆಯ ನಟ್ಟನಡುವೆ ಎದುರುಬದುರಾದವು.

ಸೂಟ್‌ಕೇಸುಗಳು ತಲೆಯ ಮೇಲೆ ಹೋದವು. ಒಬ್ಬಳು ಕಂಬಿಗೆ ಅಂಟಿಕೊಂಡು ಚೀರಿದಳು. ಒಬ್ಬ ಮುದುಕ ಮೆಟ್ಟಿಲ ಮೇಲಿನಿಂದ ಉರುಳಿ ಬಿದ್ದ, ಅವನ ಮೇಲೆ ಇನ್ನೊಬ್ಬ. ಆ ನೂಕಾಟದ ಮಧ್ಯೆ ಕೆಂಪು ಟೋಪಿ ಒಮ್ಮೆ ಕಂಡಿತು, ಒಮ್ಮೆ ಮರೆಯಾಯಿತು. "ನಿಧಾನ! ನಿಧಾನ! ನಿಂತಲ್ಲೇ ನಿಲ್ಲಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಇಪ್ಪತ್ತಾರು ವರ್ಷದ ಅಭ್ಯಾಸ, ಜನ ನನ್ನ ಮಾತು ಕೇಳುತ್ತಾರೆ. ನಿಂತರು. ಮಗಳು ಗುಬ್ಬಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಕಂಬಿಯ ಬಳಿ ನಿಂತಿದ್ದಳು. ನನಗೆ ಅಳು ಬಂತು, ನುಂಗಿಕೊಂಡೆ.

ಪುಸ್ತಕದಂಗಡಿಯ ಹಿಂದೆ ಏನೂ ಸಿಗಲಿಲ್ಲ.

ಹಿಂದಿನಿಂದ ಬರುತ್ತಿದ್ದುದು ಈಗ ಕೂಗಾಗಿ ಉಳಿದಿರಲಿಲ್ಲ. ನಾನು ಮಾತಾಡಲೇಬೇಕಿತ್ತು. ಪಟ್ಟಿ ಮುಗಿದಿತ್ತು, ಕಳೆದ ಸಾಮಾನಿನ ಪುಸ್ತಕವೂ ಮುಗಿದಿತ್ತು. ಬಾಯಿಗೆ ಬಂದದ್ದು ಹೇಳತೊಡಗಿದೆ. ನೀಲಿ ಕೊಡೆ ಸಿಕ್ಕಿದೆ. ಒಂದು ಜೊತೆ ಬೂಟು ಸಿಕ್ಕಿದೆ. ಐದನೇ ಪ್ಲಾಟ್‌ಫಾರಮ್ಮಿನ ತೂಕದ ಯಂತ್ರದ ಪಕ್ಕದಲ್ಲಿ ಒಂದು ಚೀಲ ಸಿಕ್ಕಿದೆ, ಹಸಿರು ಬಣ್ಣದ್ದು, ಸಂಬಂಧಪಟ್ಟವರು ಬಂದು ಪಡೆಯಬೇಕು. ಯಾವ ಕೊಡೆಯೂ ಇರಲಿಲ್ಲ, ಬೂಟೂ ಇರಲಿಲ್ಲ.

ಹನ್ನೊಂದೂ ಮೂವತ್ತಮೂರಕ್ಕೆ ಮೀಸೆಯೇ ಬಂದ. ಅಂಗಿಯ ತೋಳು ಮಡಿಸಿದ್ದ, ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಕಣ್ಣು ಮಾತ್ರ ಹೊಳೆಯುತ್ತಿತ್ತು.

"ಈ ಸಲ ನಿಜ ಅಕ್ಕ. ತಾಯಿ ಮೇಲೆ ಆಣೆ ಹಾಕಿ ಹೇಳಿದಾನೆ. ಐದನೇದು. ತೂಕದ ಯಂತ್ರದ ಪಕ್ಕದಲ್ಲಿ."

ನಾನು ಮೈಕು ಆಫ್ ಮಾಡಿದೆ.

"ಎಲ್ಲಿ ಅಂದ?"

"ತೂಕದ ಯಂತ್ರ. ಐದನೇ ಪ್ಲಾಟ್‌ಫಾರಂ. ನಮ್ಮವರು ಓಡಿದಾರೆ."

"ಐದರಲ್ಲಿ ತೂಕದ ಯಂತ್ರ ಎಲ್ಲಿದೆಯಪ್ಪ? ನಾಲ್ಕು ವರ್ಷದ ಹಿಂದೆ ಗುಜರಿಗೆ ಹಾಕಿದ್ರು. ಅದು ನಾನು ಹೇಳಿದ್ದು. ಈಗ, ಐದು ನಿಮಿಷದ ಹಿಂದೆ, ಸುಳ್ಳೇ ಕಟ್ಟಿ ಹೇಳಿದ್ದು. ನಲ್ಲಿನೂ ನಾನೇ ಹೇಳಿದ್ದು, ಪುಸ್ತಕದ ಅಂಗಡಿನೂ ನಾನೇ ಹೇಳಿದ್ದು. ಎಲ್ಲಿ ಎಲ್ಲಿ ಅಂತ ನೀವು ಹೊಡೀತಿದೀರಿ, ಗೋಡೆಯಾಚೆಯಿಂದ ನಾನು ಜಾಗದ ಹೆಸರು ಕೊಡ್ತಿದೀನಿ, ಅವನು ಕೈಗೆ ಸಿಕ್ಕಿದ್ದನ್ನ ನಿಮಗೆ ಎತ್ತಿ ಕೊಡ್ತಿದಾನೆ!"

ಮೀಸೆಯ ಮುಖ ಬಿಳುಚಿತು. ಆಮೇಲೆ ಅವನ ತಲೆ ಓಡಿತು, ಪೊಲೀಸರ ತಲೆ ಓಡುವ ಹಾಗೆ.

"ಹಾಗಾದ್ರೆ ನೀವು ಮಾತಾಡಬೇಡಿ. ಹೊರಗೆ ಕೇಳಿದ್ರೆ ಕೇಳಲಿ. ಇನ್ನು ಹತ್ತು ನಿಮಿಷ ಕೊಡಿ. ಕದಿಯೋಕೆ ನಿಮ್ಮ ಮಾತಿಲ್ಲ ಅಂದ್ರೆ ಅವನದ್ದೇ ಬರಬೇಕಲ್ಲ, ನಿಜ ಬರಬೇಕಲ್ಲ?"

ಕೇಳಲು ಎಷ್ಟು ಸರಿಯಾಗಿತ್ತು! ಸೇತುವೆಯ ಮೇಲೆ ಕೆಂಪು ಟೋಪಿ ಇತ್ತು. ಹೂಂ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಯಾಕೋ ಹೇಳಲಾಗಲಿಲ್ಲ. ಇಪ್ಪತ್ತೈದು ನಿಮಿಷದಿಂದ ಧ್ವನಿಯಷ್ಟೇ ಕೇಳುತ್ತಿದ್ದ ಆ ಮನುಷ್ಯನ ಮುಖ ನಾನಿನ್ನೂ ನೋಡಿರಲಿಲ್ಲ. ಮೀಸೆಯನ್ನು ತಳ್ಳಿಕೊಂಡು ಮೆಟ್ಟಿಲಿಳಿದು, ಗೋಡೆ ಬಳಸಿ ಚೌಕಿಗೆ ನುಗ್ಗಿದೆ.

ಬೆಂಚಿಗೆ ಕಟ್ಟಿದ್ದರು. ಮೈಯೆಲ್ಲ ಒದ್ದೆ, ನೀರೋ ಬೆವರೋ ತಿಳಿಯಲಿಲ್ಲ. ಒಂದು ಕಣ್ಣು ಮುಚ್ಚಿಹೋಗಿತ್ತು. ನಲವತ್ತರ ಆಸುಪಾಸಿನವನು, ಬಸ್ಸಿನಲ್ಲಿ ಪಕ್ಕ ಕೂತರೆ ನೆನಪಿನಲ್ಲಿ ಉಳಿಯದ ಮುಖ. ಇವನೇ ಬೆಳಗ್ಗೆ ನನ್ನ ಮೊಮ್ಮಗಳನ್ನು ಕೊಲ್ಲಲು ಪೆಟ್ಟಿಗೆ ಹೊತ್ತು ತಂದವನು. ಅವನ ಕೆನ್ನೆಗೆ ನಾನೇ ಬಾರಿಸಬೇಕೆನ್ನುವಷ್ಟು ಸಿಟ್ಟು ಬಂತು.

"ಎಲ್ಲಿಟ್ಟಿದ್ದೀಯೋ?" ಎಂದೆ.

ನನ್ನ ಧ್ವನಿ ಕೇಳಿದ್ದೇ ತಡ, ಅವನ ಇನ್ನೊಂದು ಕಣ್ಣು ತೆರೆಯಿತು. ಗುರುತು ಹಿಡಿದ. ಮೈಕಿನವಳು ಇವಳೇ ಎಂದು ಗೊತ್ತಾಯಿತು. ಒಡೆದ ತುಟಿಯಲ್ಲಿ ತಡವರಿಸುತ್ತ ಕೈಮುಗಿದು ಬೇಡುವವರ ದನಿಯಲ್ಲಿ ಅಂದ:

"ಅಮ್ಮಾ, ಎಲ್ಲಿ ಅಂತ ನೀವೇ ಹೇಳಿಬಿಡಿ. ನಾನು ಹೂಂ ಅಂತೀನಿ."

ಅಷ್ಟೇ. ನನ್ನ ಸಿಟ್ಟು ಎಲ್ಲಿ ಹೋಯಿತೋ. ಇನ್ನು ಇವನಿಂದ ಬರುವ ಯಾವ ಮಾತೂ ನಮಗೆ ಉಪಯೋಗಕ್ಕೆ ಬರುವುದಿಲ್ಲ. ನಿಜವನ್ನೇ ಹೇಳಿದರೂ ಅದು ನಿಜವೆಂದು ತಿಳಿಯುವುದು ಹೇಗೆ? ಆ ದಾರಿಯನ್ನು ನಾವೇ ಕೈಯಾರೆ ಕೆಡಿಸಿಕೊಂಡಿದ್ದೆವು.

"ಬಿಚ್ಚಿ ಅವನನ್ನ," ಎಂದು ಮೀಸೆಯ ಮೇಲೆ ಹರಿಹಾಯ್ದೆ. "ನಿಮ್ಮ ಹತ್ರ ಇರೋದು ಆರು ಜನ. ಅರ್ಧ ಗಂಟೆಯಿಂದ ಆರೂ ಜನ ಇವನ ಬಾಯಿ ಹಿಂದೆ ಓಡ್ತಿದಾರೆ. ಆ ಆರು ಜನರನ್ನ ನನಗೆ ಕೊಡಿ. ಇಪ್ಪತ್ತು ನಿಮಿಷದಲ್ಲಿ ಸ್ಟೇಷನ್ನು ಖಾಲಿ ಮಾಡ್ತೀನಿ."

"ಹೇಗೆ? ಬಾಂಬು ಅನ್ನೋ ಹಾಗಿಲ್ಲ. ಓಡೋಕೆ ಬಿಟ್ರೆ ಸೇತುವೆ ಮೇಲೆ ನೋಡಿದ್ರಲ್ಲ?"

"ಓಡದ ಹಾಗೆ ಓಡಿಸ್ತೀನಿ. ನಿಮ್ಮವರು ಮೆಟ್ಟಿಲ ಹತ್ರ ನಿಂತು ಜನರನ್ನ ಬಿಡಿಬಿಡಿಯಾಗಿ ಇಳಿಸಲಿ. ಅಷ್ಟು ಸಾಕು."

ಮೆಟ್ಟಿಲು ಹತ್ತುವಾಗ ನನ್ನ ಕಾಲಿಗೆ ಹದಿನಾರರ ಹುರುಪು. ಮೈಕಿನ ಮುಂದೆ ಕೂತು ಗಂಟಲು ಸರಿಪಡಿಸಿಕೊಂಡೆ. ನಿತ್ಯ ರೈಲು ತಡವೆನ್ನುವ, ನಿದ್ದೆ ಬರಿಸುವ, ಎಲ್ಲರೂ ಬೈಯುವ ಆ ಧ್ವನಿಯನ್ನು ಎಳೆದು ತಂದುಕೊಂಡೆ.

"ಪ್ರಯಾಣಿಕರ ಗಮನಕ್ಕೆ. ಇನ್ನು ಕೆಲವೇ ನಿಮಿಷಗಳಲ್ಲಿ ವಿಶೇಷ ತಂಡದಿಂದ ಎಲ್ಲ ಪ್ಲಾಟ್‌ಫಾರಂಗಳಲ್ಲಿ ಟಿಕೆಟ್ ತಪಾಸಣೆ ನಡೆಯಲಿದೆ."

ಈ ಕೆಲಸದಲ್ಲಿ ಕೂದಲು ಬೆಳ್ಳಗಾದ ನನಗೆ ಗೊತ್ತಿತ್ತು, ಟಿಕೆಟ್ ಇಲ್ಲದವನು ಓಡುವುದಿಲ್ಲ. ಓಡಿದರೆ ಸಿಕ್ಕಿಬೀಳುತ್ತಾನೆ. ಅವನು ಆಕಳಿಸುತ್ತ ಏಳುತ್ತಾನೆ, ಬಟ್ಟೆ ಕೊಡವುತ್ತಾನೆ, ಏನೋ ಮರೆತು ಬಂದವನಂತೆ ಹಣೆ ಚಚ್ಚಿಕೊಂಡು ಗೇಟಿನ ಕಡೆ ಸಾವಕಾಶ ನಡೆಯುತ್ತಾನೆ. ದೇವರೇ, ಎಷ್ಟು ಜನ ಎದ್ದರು! ಪೇಪರು ಮಡಿಸಿ ಕಂಕುಳಲ್ಲಿಟ್ಟುಕೊಂಡ ದೊಡ್ಡ ಮನುಷ್ಯರು, ಬೀಳ್ಕೊಡಲು ಬಂದು ಪ್ಲಾಟ್‌ಫಾರಂ ಟಿಕೆಟ್ ತೆಗೆಯದ ನೆಂಟರು, ಗಾಳಿಗೆ ಕೂರಲು ಬರುವ ಖಾಯಂ ಗಿರಾಕಿಗಳು. ಒಬ್ಬ ಟೈ ಕಟ್ಟಿದವನು ಫೋನಿನಲ್ಲಿ ಸುಮ್ಮನೆ "ಹಲೋ ಹಲೋ" ಎನ್ನುತ್ತ ಹೊರಟ. ಆರು ನಿಮಿಷದಲ್ಲಿ ಅರ್ಧ ಸ್ಟೇಷನ್ನು ಒಂದು ತಳ್ಳಾಟವಿಲ್ಲದೆ ಖಾಲಿಯಾಯಿತು. ಆ ಹೊತ್ತಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ನಗು ಅಲ್ಲಿಗೇ ನಿಂತಿತು. ನನ್ನ ಮಗಳು ಸೇತುವೆ ಇಳಿದು, ಮತ್ತೆ ಮೂರರ ಬೆಂಚಿನ ಮೇಲೆ ಹಾಯಾಗಿ ಕೂತಳು. ಜನ್ಮದಲ್ಲಿ ಟಿಕೆಟ್ ಇಲ್ಲದೆ ಗಾಡಿ ಹತ್ತಿದವಳಲ್ಲ ಅವಳು. ನಾನೇ ಹಾಗೆ ಬೆಳೆಸಿದ್ದು!

"ಪ್ರಯಾಣಿಕರ ಗಮನಕ್ಕೆ. ಟಿಕೆಟ್ ಇರುವವರು ಹೊರಗಿನ ಅಂಗಳದಲ್ಲಿ ಟಿಕೆಟ್ಟಿಗೆ ಮೊಹರು ಹಾಕಿಸಿಕೊಳ್ಳಬೇಕು. ಮೊಹರಿಲ್ಲದ ಟಿಕೆಟ್ಟಿಗೆ ಗಾಡಿಯಲ್ಲಿ ಜಾಗವಿಲ್ಲ. ಮೊದಲು ಐದನೇ ಪ್ಲಾಟ್‌ಫಾರಂ." ಐದರವರು ಬೈಯುತ್ತ ಹೊರಟರು. ಎರಡು ನಿಮಿಷ ಬಿಟ್ಟು ನಾಲ್ಕು. ಹನ್ನೊಂದೂ ನಲವತ್ತೇಳು. ಈಗ ಮೂರು ಎನ್ನಬೇಕು. ನಾಲ್ಕರವರು ಇನ್ನೂ ಸೇತುವೆಯ ಮೇಲಿದ್ದರು. ಈಗಲೇ ಕರೆದರೆ ಮತ್ತೆ ಅದೇ ಗತಿ. ಹಲ್ಲು ಕಚ್ಚಿ ಕಾದೆ. ನನ್ನ ಇಡೀ ಜೀವಮಾನದಲ್ಲಿ ಅಷ್ಟು ಉದ್ದದ ಒಂದು ನಿಮಿಷವನ್ನು ಕಂಡಿಲ್ಲ. ಕೊನೆಯವನು ಮೆಟ್ಟಿಲಿಳಿದ. "ಮೂರನೇ ಪ್ಲಾಟ್‌ಫಾರಂ" ಎಂದೆ. ಮಗಳು ಗೊಣಗುತ್ತ ಎದ್ದು, ಚೀಲ ಹೆಗಲಿಗೇರಿಸಿ, ಗುಬ್ಬಿಯ ಕೈ ಹಿಡಿದು ಹೊರಟಳು. ಹನ್ನೊಂದೂ ಐವತ್ತೆರಡಕ್ಕೆ ಕೆಂಪು ಟೋಪಿ ಗೇಟು ದಾಟಿತು.

ಎರಡು, ಒಂದು, ಟಿಕೆಟ್ ಕೌಂಟರು, ಹಮಾಲಿಗಳು. ಪೊಲೀಸರು ಆ ಮನುಷ್ಯನನ್ನು ತೋಳು ಹಿಡಿದು ಎತ್ತಿಕೊಂಡು ಹೊರಗೆ ಒಯ್ದರು. ಮೀಸೆ ಬಂದು ನನ್ನ ರಟ್ಟೆ ಹಿಡಿದು ಎಳೆದ. ಗೇಟು ದಾಟಿದ್ದಷ್ಟೇ. ಹಿಂದೆ ಸಾಮಾನು ಇಡುವ ಕೋಣೆ ಹಾರಿಹೋಯಿತು. ಸದ್ದಿಗೆ ಅಂಗಳದ ಎರಡು ಸಾವಿರ ಜನ ಒಟ್ಟಿಗೆ ಕೂತುಬಿಟ್ಟರು. ನನ್ನ ಕೋಣೆಯ ಗಾಜು ಚೂರುಚೂರಾಗಿ ಒಂದನೇ ಪ್ಲಾಟ್‌ಫಾರಮ್ಮಿನ ಮೇಲೆ ಸುರಿಯಿತು.

ಒಬ್ಬರೂ ಸಾಯಲಿಲ್ಲ. ಸೇತುವೆಯ ಮೇಲೆ ಬಿದ್ದ ಮುದುಕನ ಸೊಂಟ ಮುರಿದಿತ್ತು, ಇನ್ನಿಬ್ಬರ ಕೈ ಮುರಿದಿತ್ತು, ಚೌಕಿಯ ಬೆಂಚಿಗೆ ಕಟ್ಟಿ ನಾವು ಹೊಡೆಸಿದ ಅವನೂ ಇದ್ದ. ಆ ದಿನ ಸ್ಟೇಷನ್ನಿನಲ್ಲಿ ಪೆಟ್ಟು ತಿಂದವರೆಲ್ಲ ನಮ್ಮಿಂದಲೇ ತಿಂದರು. ಎರಡನೇ ಪೆಟ್ಟಿಗೆ ತಂದಿದ್ದ ಇನ್ನೊಬ್ಬ ಮೂರು ದಿನದ ಮೇಲೆ ಬೇರೆ ಊ‍ರಿನಲ್ಲಿ ಸಿಕ್ಕಿದ. ಒಬ್ಬರ ಜಾಗ ಇನ್ನೊಬ್ಬರಿಗೆ ತಿಳಿಯಬಾರದೆಂದು ಅವರಿಗೆ ಮೊದಲೇ ತಾಕೀತಾಗಿತ್ತಂತೆ. ಗೊತ್ತಿಲ್ಲ ಎಂದು ನಮ್ಮ ಕೈಗೆ ಸಿಕ್ಕಿದವನು ಮೊದಲು ಹೇಳಿದ್ದೇ ನಿಜ. ನಮಗೆ ಸಿಕ್ಕ ಒಂದೇ ಒಂದು ನಿಜ ಅದು, ಹೊಡೆಯುವ ಮೊದಲೇ ಸಿಕ್ಕಿತ್ತು.

"ಗೊತ್ತಿದ್ದಿದ್ರೆ ಅಕ್ಕ?" ಎಂದು ಮೀಸೆ ಈಗಲೂ ಕೇಳುತ್ತಾನೆ. "ಅವನಿಗೆ ಗೊತ್ತಿದ್ದು, ಮೊದಲ ಏಟಿಗೇ ಹೇಳಿಬಿಟ್ಟಿದ್ರೆ?" ನಾಳೆ ಮತ್ತೆ ಆ ಬೆಂಚಿನ ಮೇಲೆ ಅದೇ ಟೋಪಿ ಕಂಡರೆ ನನ್ನ ಬಾಯಿಂದ ಏನು ಬರುತ್ತದೋ, ನನಗೇ ಭಯ.

ಅಂಗಳದಲ್ಲಿ ಮಗಳನ್ನು ಹುಡುಕಿದೆ. ನಲ್ಲಿಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಅಪ್ಪಿಕೊಂಡು ಅತ್ತಳು. ಆ ತನಕ ನುಂಗಿದ್ದನ್ನೆಲ್ಲ ನಾನೂ ಅತ್ತೆ. ಕಟ್ಟೆಯ ಮೇಲೆ ಕೂತು ಗುಬ್ಬಿಯನ್ನು ಮಡಿಲಿಗೆಳೆದುಕೊಂಡು ಅವಳ ಕೈ, ಕಾಲು, ಬೆನ್ನು ಮುಟ್ಟಿ ಮುಟ್ಟಿ ನೋಡಿದೆ. ಒಂದು ತರಚು ಗಾಯವೂ ಇರಲಿಲ್ಲ. ಅವಳು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಅಜ್ಜಿ, ನಿನ್ನ ಮೈಕಲ್ಲಿ ಯಾರೋ ಅಳ್ತಿದ್ರು."

"ಏನಿಲ್ಲ ಕಣೆ," ಎಂದು ಮಗಳು ತಟ್ಟನೆ ಅಂದಳು. "ಮೈಕು ಕೆಟ್ಟಿತ್ತು."

ಅಷ್ಟು ಬೇಗ ಅಂದಳೆಂದರೆ ಅವಳಿಗೂ ಕೇಳಿತ್ತು. ಇಡೀ ಸ್ಟೇಷನ್ನಿಗೇ ಕೇಳಿತ್ತು, ನನ್ನ ಊರುಗೋಲು, ಕನ್ನಡಕ, ನೀಲಿ ಕೊಡೆಗಳ ಅಡಿಯಲ್ಲಿ. ಏನದು ಎಂದು ಯಾರೂ ವಿಚಾರಿಸಿರಲಿಲ್ಲ. ವಿಚಾರಿಸಿದ್ದು ಇವಳೊಬ್ಬಳೇ.

"ಯಾರದು ಅಜ್ಜಿ?"

ಸುಳ್ಳು ಹೇಳಿ ಹೇಳಿ ಅಂದು ನನ್ನ ಬಾಯಿ ಸೋತಿತ್ತು. "ಒಬ್ಬ ಮನುಷ್ಯ ಪುಟ್ಟ. ಅವನನ್ನ ಹೊಡೀತಿದ್ರು."

"ನೀನು ಬೇಡ ಅನ್ನಲಿಲ್ವಾ?"

"ಇಲ್ಲ. ನಾನೇ ಹೊಡೀರಿ ಅಂದೆ."

ಗುಬ್ಬಿ ನನ್ನ ಗಲ್ಲದಿಂದ ಕೈ ತೆಗೆದಳು. ಆಮೇಲೆ ನನ್ನ ಮಡಿಲಿನಿಂದ ಜಾರಿ ಇಳಿದು, ಹೋಗಿ ಅವಳಮ್ಮನ ಕಾಲು ತಬ್ಬಿಕೊಂಡು ನಿಂತಳು.